ಮೊದಲು ಬೀಳುವ ಗೋಡೆ

ನಾವು ಆ ಊರಿಗೆ ಹೋಗಿ ಜೀಪಿನಿಂದ ಇಳಿದಾಗ ಮನೆಗಳ ಬಾಗಿಲುಗಳೆಲ್ಲ ತೆರೆದೇ ಇದ್ದವು, ಒಳಗೆ ಮಾತ್ರ ಯಾರೂ ಇರಲಿಲ್ಲ. ಊರ ಮುಂದಿನ ಬಯಲಿನಲ್ಲಿ ತಾಡಪತ್ರಿ ಕಟ್ಟಿಕೊಂಡು, ಮೂರು ಕಲ್ಲಿಟ್ಟು ಒಲೆ ಹೂಡಿಕೊಂಡು ಊರಿಗೆ ಊರೇ ಹೊರಗೆ ಕೂತಿತ್ತು. ಎತ್ತುಗಳನ್ನೂ ಕೊಟ್ಟಿಗೆಯಿಂದ ಬಿಚ್ಚಿ ತಂದು ಬಂಡಿಗಳಿಗೆ ಕಟ್ಟಿದ್ದರು.

ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಮರಳುಗಲ್ಲಿನ ಗುಡ್ಡದ ಬುಡಕ್ಕೆ ಅಂಟಿಕೊಂಡ ಊರು ಅದು. ಆ ವರ್ಷ ಮಳೆ ಬೇಕಾದ್ದಕ್ಕಿಂತ ಹೆಚ್ಚೇ ಸುರಿದಿತ್ತು. ಮಳೆ ಹಿಂದೆ ಸರಿಯುವ ಹೊತ್ತಿಗೆ ನೆಲದ ಕೆಳಗೆ ಗುಡುಗಿದಂಥ ಸಪ್ಪಳ ಶುರುವಾಗಿತ್ತು. ಸಪ್ಪಳದ ಬೆನ್ನಿಗೇ ಒಂದು ಅದುರು. ಪಾತ್ರೆಗಳು ಗಲಗಲ ಎನ್ನುತ್ತಿದ್ದವು, ಗೋಡೆಯ ಸಂದಿಗಳಿಂದ ಮಣ್ಣು ಉದುರುತ್ತಿತ್ತು. ಮೊದಮೊದಲು ಅಪರೂಪಕ್ಕೆ ಬರುತ್ತಿದ್ದದ್ದು ಆಮೇಲೆ ದಿನವೂ ಬರತೊಡಗಿತು. ಅದೇ ಹೊತ್ತಿಗೆ ಯಾರದೋ ಮೊಬೈಲಿಗೆ ಒಂದು ಸಂದೇಶ ಬಂತು: ಬರುವ ಅಮಾವಾಸ್ಯೆಗೆ ದೊಡ್ಡ ಭೂಕಂಪವಾಗಿ ಗುಡ್ಡ ಬಾಯಿ ಬಿಡುತ್ತದೆ. ಅದನ್ನು ಓದಿದ ಮೇಲೆ ಯಾರೂ ಮನೆಯೊಳಗೆ ಮಲಗಲಿಲ್ಲ.

ನಾನು ಕೆಲಸ ಮಾಡುವ ಸಂಸ್ಥೆ ದೂರದ ಊರಿನಲ್ಲಿದೆ. ತಾಲೂಕಿನ ಅಧಿಕಾರಿಗಳು ನಮ್ಮನ್ನು ಕರೆಸಿಕೊಂಡಾಗ ನನ್ನನ್ನೇ ಕಳಿಸಿದ್ದಕ್ಕೆ ಒಂದು ಸಣ್ಣ ಕಾರಣವೂ ಇತ್ತು: ನಾನು ಬೈಲಹೊಂಗಲದಲ್ಲಿ ಹುಟ್ಟಿ ಬೆಳೆದವಳು, ಆ ಜನರ ಮಾತು ನನ್ನ ಮನೆಯ ಮಾತು. ನನ್ನ ಜೊತೆ ಬಂದದ್ದು ನಮ್ಮ ತಂತ್ರಜ್ಞ, ಯಂತ್ರಗಳ ಹೊಟ್ಟೆಯೊಳಗಿನದನ್ನೆಲ್ಲ ಬಲ್ಲ ಮಿತಭಾಷಿ. ಇಬ್ಬರೂ ಮುನವಳ್ಳಿಯಲ್ಲಿ ಒಂದು ಕೋಣೆ ಹಿಡಿದೆವು.

ಮೊದಲ ದಿನವೇ ಬಯಲಿನ ಜನ ನಮ್ಮನ್ನು ಸುತ್ತುವರಿದರು. ಎಲ್ಲರದೂ ಒಂದೇ ಪ್ರಶ್ನೆ, ದೊಡ್ಡದು ಯಾವಾಗ ಬರುತ್ತದೆ. ಅಮಾವಾಸ್ಯೆಗೂ ಇದಕ್ಕೂ ಸಂಬಂಧವಿಲ್ಲ, ಭೂಕಂಪದ ದಿನ ಹೇಳುವ ವಿದ್ಯೆ ಯಾರ ಹತ್ತಿರವೂ ಇಲ್ಲ ಎಂದೆ. ಆ ಉತ್ತರದಿಂದ ಯಾರಿಗೂ ಸಮಾಧಾನವಾಗಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಇಷ್ಟು ದೂರದಿಂದ ಬರಬೇಕಿತ್ತೇ ಎಂದು ಒಬ್ಬರು ಕೇಳಿದ್ದೂ ಆಯಿತು.

ಗುಂಪು ಕರಗಿದ ಮೇಲೆ ಒಬ್ಬಾಕೆ ನಿಂತೇ ಇದ್ದರು. ಐವತ್ತರ ಆಸುಪಾಸು, ಹೆಗಲಿಗೆ ಚೀಲ. ಅದುರಿಗೆ ಹೆದರಿ ಮುಚ್ಚಿದ್ದ ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ. ಊರವರ ಬಾಯಲ್ಲಿ ದೊಡ್ಡ ಅಕ್ಕೋರು.

"ನೀವು ಮಿಷನ್ ಇಡ್ರಿ, ಬ್ಯಾಡ ಅನ್ನೂದಿಲ್ಲ," ಎಂದರು. "ಆದ್ರ ಸಾಲಿ ತೆಗೀಲೋ ಬ್ಯಾಡೋ, ಅದೊಂದು ಹೇಳ್ರಿ. ಹಿಂಗ ಮುಚ್ಚಿದ್ರ ದೊಡ್ಡ ಹುಡಿಗ್ಯಾರು ಹತ್ತಿ ಬಿಡಸಾಕ ಹೋಕ್ಕಾರ. ಒಮ್ಮಿ ಹೋದಾರು ತಿರುಗಿ ಬರೂದಿಲ್ರಿ."

ಸದ್ಯಕ್ಕೆ ಹೇಳಲಾರೆ, ಯಂತ್ರಗಳು ಏನು ಹೇಳುತ್ತವೋ ನೋಡಿ ಹೇಳುತ್ತೇನೆ ಎಂದೆ. ಆಕೆ ತಲೆಯಾಡಿಸಿ ಹೋದರು. ನಂಬಿಕೊಂಡು ಹೋದಂತೆ ಕಾಣಲಿಲ್ಲ.

ಕಂಪನಮಾಪಕ ಇಡುವುದೆಂದರೆ ಪೆಟ್ಟಿಗೆಯೊಂದನ್ನು ನೆಲದ ಮೇಲಿಟ್ಟು ಬರುವುದಲ್ಲ. ಮೊದಲು ಬಂಡೆ ಬೇಕು. ಎರೆಮಣ್ಣಿನ ಮೇಲಿಟ್ಟರೆ ಮಣ್ಣೇ ಕುಣಿದು ಅಲೆಯ ಆಕಾರವನ್ನು ಕೆಡಿಸುತ್ತದೆ. ಹತ್ತಿರ ಮರ ಇರಬಾರದು, ಗಾಳಿಗೆ ಮರ ತೂಗಿದರೆ ಬೇರು ನೆಲವನ್ನು ಅಲುಗಿಸುತ್ತದೆ. ಪಂಪ್‌ಸೆಟ್, ಗಿರಣಿ, ರಸ್ತೆ ಯಾವುದೂ ಪಕ್ಕದಲ್ಲಿರಬಾರದು. ಬಂಡೆ ಸಿಕ್ಕ ಕಡೆ ಗುಂಡಿ ತೆಗೆದು, ಸಿಮೆಂಟಿನ ಹಾಸು ಹಾಕಿ, ಅದು ಗಟ್ಟಿಯಾದ ಮೇಲೆ ಯಂತ್ರವನ್ನು ಸಮ ಕೂರಿಸಬೇಕು. ಉತ್ತರಕ್ಕೆ ಮುಖ ಮಾಡಿಸಬೇಕು. ಅಲ್ಲಿ ಕಲ್ಲಿನಲ್ಲಿ ಕಬ್ಬಿಣದ ಅಂಶ ಎಷ್ಟಿತ್ತೆಂದರೆ ದಿಕ್ಸೂಚಿಯ ಮುಳ್ಳು ಎರಡು ಹೆಜ್ಜೆ ಆಚೀಚೆ ಹೋದರೆ ಬೇರೆ ದಿಕ್ಕು ತೋರಿಸುತ್ತಿತ್ತು. ಕೊನೆಗೆ ಮುಳ್ಳನ್ನು ಬಿಟ್ಟು ಉಪಗ್ರಹದ ನಕ್ಷೆ ನೋಡಿಕೊಂಡು ದಿಕ್ಕು ಗುರುತು ಮಾಡಿದೆವು.

ಐದು ಕಡೆ ಇಡುವುದೆಂದು ಯೋಜನೆ. ಗುಡ್ಡದ ಮೇಲೊಂದು, ಗುಡ್ಡದಾಚೆ ರಾಮದುರ್ಗದ ಕಡೆಗೊಂದು, ಮುನವಳ್ಳಿ ಕಡೆಗೊಂದು. ದೂರದಿಂದಲೂ ಅಲೆ ಹಿಡಿಯಲೆಂದು ಕಿತ್ತೂರಿನ ಹತ್ತಿರ ಒಂದು. ಆದರೆ ಅಲ್ಲಿನ ಹೆದ್ದಾರಿಯಿಂದ ತುಸು ದೂರವೇ ಇಟ್ಟರೂ ಅದರ ಲಾರಿಗಳು ಹಗಲಿರುಳು ಯಂತ್ರ ಬರೆಯುವ ಗೆರೆಯನ್ನು ನಡುಗಿಸಿದವು. ಅದನ್ನು ಕಿತ್ತು ಇನ್ನೂ ಒಳಗೆ, ಕಾಡಂಚಿನ ಬಂಡೆಯ ಮೇಲೆ ಕೂರಿಸಬೇಕಾಯಿತು. ಐದನೆಯದು ಊರೊಳಗೇ ಬೇಕಿತ್ತು. ಊರೊಳಗೆ ಬರಿಬಂಡೆ ಕಾಣುತ್ತಿದ್ದದ್ದು ಒಂದೇ ಕಡೆ, ಗೌಡರ ಹಿತ್ತಿಲಿನಲ್ಲಿ.

ಗೌಡರಿಗೆ ಎಂಬತ್ತು ಸಮೀಪಿಸಿತ್ತು. ಊರೆಲ್ಲ ಬಯಲಿನಲ್ಲಿದ್ದರೂ ಅವರು ಮಾತ್ರ ತಮ್ಮ ಮನೆಯ ಕಟ್ಟೆ ಬಿಟ್ಟು ಕದಲಿರಲಿಲ್ಲ. ಮಗ ಹೊಲದ ಕೆಲಸದಲ್ಲಿ. ಮನೆಯನ್ನು ನಡೆಸುತ್ತಿದ್ದವಳು ಸೊಸೆ, ಇಬ್ಬರು ಸಣ್ಣ ಮಕ್ಕಳ ತಾಯಿ. ಹಿತ್ತಿಲಿನಲ್ಲಿ ಯಂತ್ರ ಇಡಲು ಮಾವನನ್ನು ಒಪ್ಪಿಸಿದವಳೂ ಅವಳೇ. ಗುಂಡಿಯ ಸುತ್ತ ಜಾಲಿಮುಳ್ಳು ಜಡಿದು, ಅದರ ಹತ್ತಿರ ಯಾರೂ ನೀರು ಚೆಲ್ಲಬಾರದೆಂದು ಮನೆಯವರಿಗೆಲ್ಲ ತಾಕೀತು ಮಾಡಿದಳು.

ಯಂತ್ರಗಳು ಕೆಲಸ ಶುರು ಮಾಡಿದ ಮೇಲೆ ಮೊದಲು ಬಿಡಿಸಬೇಕಾದ ಗಂಟು ಕಲ್ಲಿನ ಖಣಿಯದು. ಗುಡ್ಡದ ಹಿಂದೆ ಖಣಿಯೊಂದಿತ್ತು, ಅಲ್ಲಿ ಮದ್ದು ಹಾಕಿ ಸಿಡಿಸುವುದೇ ಈ ಅದುರಿಗೆಲ್ಲ ಮೂಲ ಎಂದು ಅರ್ಧ ಊರು ನಂಬಿತ್ತು. ಇದನ್ನು ತಿಳಿಯಲು ಒಂದು ದಾರಿ ಇದೆ. ಮದ್ದು ಸಿಡಿದಾಗ ನೆಲ ಎಲ್ಲ ದಿಕ್ಕಿಗೂ ಹೊರಕ್ಕೆ ನೂಕಲ್ಪಡುತ್ತದೆ, ಆದ್ದರಿಂದ ಎಲ್ಲ ಯಂತ್ರಗಳ ಗೆರೆಯೂ ಮೊದಲು ಮೇಲಕ್ಕೇ ಏಳುತ್ತದೆ. ಬಿರುಕಿನ ಎರಡು ಮಗ್ಗುಲು ಜಾರಿ ಆಗುವ ಭೂಕಂಪದಲ್ಲಿ ಕೆಲವು ಕಡೆ ನೂಕು, ಕೆಲವು ಕಡೆ ಎಳೆತ. ಕೆಲವು ಗೆರೆ ಮೇಲೆ ಏಳುತ್ತವೆ, ಕೆಲವು ಕೆಳಗೆ ಇಳಿಯುತ್ತವೆ. ಖಣಿಯ ಸಿಡಿತಗಳನ್ನೂ ಊರಿನ ಅದುರುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಅವು ಬೇರೆ, ಇವು ಬೇರೆ. ಖಣಿ ರಜೆ ಇದ್ದ ದಿನವೂ ಅದುರು ಬಂದಿತ್ತು. ಈ ಮಾತು ಊರವರಲ್ಲಿ ಅರ್ಧ ಜನಕ್ಕೆ ಹಿಡಿಸಲಿಲ್ಲ. ಬೈಯಲು ಒಬ್ಬರಾದರೂ ಸಿಗುತ್ತಿದ್ದರು, ಈಗ ಅವರೂ ಇಲ್ಲವಾದರು.

ಆಮೇಲೆ ಅದುರುಗಳು ಹುಟ್ಟುವ ಜಾಗವನ್ನು ಲೆಕ್ಕ ಹಾಕಿದೆ. ಉತ್ತರ ವಿಚಿತ್ರವಾಗಿತ್ತು: ಊರಿನಿಂದ ಪಕ್ಕಕ್ಕೆ, ನೆಲದಿಂದ ತುಂಬಾ ಆಳದಲ್ಲಿ. ಸಂಸ್ಥೆಯಲ್ಲಿದ್ದ ನಮ್ಮ ಹಿರಿಯ ವಿಜ್ಞಾನಿಗೆ ಕಳಿಸಿದಾಗ ಅವರು ಹಗುರಾದರು. ಸಣ್ಣ ಕಂಪನಗಳು, ಅಷ್ಟು ಆಳದಲ್ಲಿ, ಊರಿಗೆ ಇದರಿಂದ ಹೆಚ್ಚಿನ ಭಯವಿಲ್ಲ, ಆತಂಕ ಬೇಡವೆಂದು ಒಂದು ಪ್ರಕಟಣೆ ಕೊಟ್ಟುಬಿಡೋಣ, ಜನ ಮನೆ ಸೇರಲಿ ಎಂದರು. ತಾಲೂಕಿನ ಕಚೇರಿಯಿಂದಲೂ ಅದೇ ಒತ್ತಾಯವಿತ್ತು. ಬಯಲಿನಲ್ಲಿ ಮಲಗಿದ ಮಕ್ಕಳಿಗೆ ಆಗಲೇ ಕೆಮ್ಮು ಶುರುವಾಗಿತ್ತು.

ಪ್ರಕಟಣೆಯ ಕರಡು ನನ್ನ ಮುಂದಿತ್ತು. ನಾನು ಹೂಂ ಎನ್ನುವುದಷ್ಟೇ ಬಾಕಿ. ಆದರೆ ಒಂದು ವಿಷಯ ಮನಸ್ಸಿಗೆ ಒಪ್ಪಲಿಲ್ಲ. ಅಷ್ಟು ಆಳದಿಂದ ಬಂದರೆ ಊರವರಿಗೆ ಅಷ್ಟು ಜೋರಾದ ಸಪ್ಪಳ ಏಕೆ ಕೇಳಿಸಬೇಕು? ಒಂದು ದಿನ ಕೊಡಿ ಎಂದು ಹಿರಿಯರನ್ನು ಕೇಳಿಕೊಂಡು ಗೆರೆಗಳನ್ನು ಮತ್ತೆ ಹರಡಿಕೊಂಡು ಕೂತೆ.

ಭೂಕಂಪದಿಂದ ಎರಡು ಬಗೆಯ ಅಲೆ ಹೊರಡುತ್ತವೆ. ಒಂದು ವೇಗವಾಗಿ ಓಡಿ ಬರುತ್ತದೆ, ಇನ್ನೊಂದು ಹಿಂದಿನಿಂದ ನಿಧಾನಕ್ಕೆ. ಮಿಂಚು ಕಂಡು ಎಷ್ಟು ಹೊತ್ತಿಗೆ ಗುಡುಗು ಕೇಳಿತು ಎಂಬುದರ ಮೇಲೆ ಸಿಡಿಲು ಎಷ್ಟು ದೂರ ಎಂದು ಅಂದಾಜು ಮಾಡುತ್ತೇವಲ್ಲ, ಇದೂ ಹಾಗೆಯೇ. ಎರಡು ಅಲೆಗಳ ನಡುವಿನ ಅಂತರ ಹೆಚ್ಚಿದಷ್ಟೂ ಭೂಕಂಪ ದೂರ. ಗೌಡರ ಹಿತ್ತಿಲಿನ ಯಂತ್ರದಲ್ಲಿ ಆ ಅಂತರ ಅರ್ಧ ಸೆಕೆಂಡಿಗೂ ಕಡಿಮೆ ಇತ್ತು. ಹಾಗೆಂದರೆ ಅದುರು ಹುಟ್ಟುತ್ತಿದ್ದದ್ದು ಮೂರು ನಾಲ್ಕು ಕಿಲೋಮೀಟರಿನ ಒಳಗೆ. ಆದರೆ ಅದೇ ಯಂತ್ರ ಅಲೆ ಬಂದು ತಲುಪಿದ ಹೊತ್ತನ್ನು ತಡವಾಗಿ ತೋರಿಸುತ್ತಿತ್ತು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಅಂತರ ಸುಳ್ಳು ಹೇಳುವುದಿಲ್ಲ, ಅದಕ್ಕೆ ಗಡಿಯಾರದ ಹಂಗಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಗಡಿಯಾರ.

ಮುಂಜಾನೆ ಎದ್ದವರೇ ಗೌಡರ ಹಿತ್ತಿಲಿಗೆ ಹೋದೆವು. ಯಂತ್ರದ ಗಡಿಯಾರ ಉಪಗ್ರಹದಿಂದ ಸಮಯ ಪಡೆಯುತ್ತದೆ, ಅದಕ್ಕೆ ಗೋಡೆಯ ಮೇಲಿಟ್ಟ ಪುಟ್ಟ ಆಂಟೆನಾದಿಂದ ಒಂದು ತಂತಿ ಬರುತ್ತದೆ. ತಂತ್ರಜ್ಞ ಆ ತಂತಿಯನ್ನು ಕೈಯಲ್ಲಿ ಹಿಡಿದು ಸವರುತ್ತ ಹೋದವರು ಒಂದು ಕಡೆ ನಿಂತು ನನ್ನನ್ನು ಕರೆದರು. ಮುಳ್ಳಿನ ಬೇಲಿಯ ಸಂದಿಯಲ್ಲಿ ಬಾಯಿ ಹಾಕಿ ಆಡು ತಂತಿಯನ್ನು ಕಡಿದಿತ್ತು. ಮೇಲೆ ರಬ್ಬರು ನೆಟ್ಟಗಿದ್ದಂತೆ ಕಂಡರೂ ಒಳಗೆ ತಾಮ್ರ ತುಂಡಾಗಿತ್ತು. ಉಪಗ್ರಹ ಕೈಬಿಟ್ಟ ಮೇಲೆ ಯಂತ್ರ ತನ್ನ ಸ್ವಂತ ಗಡಿಯಾರವನ್ನೇ ನಂಬಿಕೊಂಡು ದಿನದಿಂದ ದಿನಕ್ಕೆ ನಿಜವಾದ ಸಮಯಕ್ಕಿಂತ ಮುಂದೆ ಓಡುತ್ತಿತ್ತು.

ಸೊಸೆ ಬಿಳಿಚಿಕೊಂಡಳು. ಆಡು ಕಟ್ಟಿದ್ದು ತಾನೇ ಎಂದಳು. ಯಂತ್ರ ಕೆಟ್ಟಿಲ್ಲ, ತಂತಿ ಬದಲಿಸಿದರೆ ಮುಗಿಯಿತು, ಆಡಿಗೆ ಉಪಗ್ರಹದ ಬಗ್ಗೆ ಏನು ಗೊತ್ತು ಎಂದು ನಾನು ನಕ್ಕ ಮೇಲೆ ಅವಳಿಗೆ ಉಸಿರು ಬಂತು.

ತಂತಿ ಬದಲಾಯಿತು, ಗಡಿಯಾರ ಸರಿಹೋಯಿತು, ಲೆಕ್ಕವೂ ಸರಿಹೋಯಿತು. ನಕ್ಷೆಯಲ್ಲಿ ಚದುರಿದ್ದ ಅದುರುಗಳು ಒಂದು ಕಡೆ ಕೂಡಿ ಬಂದವು. ಊರಿನ ಕೆಳಗೇ, ಆಳವಿಲ್ಲದ ಜಾಗದಲ್ಲಿ, ಗುಡ್ಡದ ಉದ್ದಕ್ಕೂ ಹೋದ ಹಳೆಯ ಬಿರುಕೊಂದರ ಸುತ್ತ. ಮಳೆಯ ನೀರು ಬಂಡೆಯ ಸಂದಿಗಳಲ್ಲಿ ಇಳಿದು, ಬಿಗಿ ಹಿಡಿದ ಬಿರುಕನ್ನು ಸಡಿಲಿಸಿ ಅಲ್ಲಲ್ಲಿ ಜಾರಿಸುತ್ತಿದೆ ಎಂದು ನಮಗೆ ತೋರಿತು. ಹಾಗಿದ್ದರೆ ನೀರು ಇಂಗಿದಂತೆ ಅದುರೂ ತಗ್ಗಬೇಕು. ಅದು ಒಳ್ಳೆಯ ಸುದ್ದಿ. ಕೆಟ್ಟ ಸುದ್ದಿಯೆಂದರೆ, ಇಷ್ಟು ಹತ್ತಿರದಲ್ಲಿ ಇದಕ್ಕಿಂತ ತುಸು ದೊಡ್ಡದೊಂದು ಬಂದರೂ ಊರಿನ ಕಲ್ಲುಮನೆಗಳಿಗೆ ಅದು ಸಣ್ಣದಾಗಿರುವುದಿಲ್ಲ. ಹಿರಿಯರಿಗೆ ಫೋನು ಮಾಡಿ ಎಲ್ಲ ವಿವರಿಸಿದೆ. ಪ್ರಕಟಣೆ ಹರಿದು ಹಾಕು, ಏನು ಹೇಳಬೇಕೆಂದು ಅಲ್ಲಿರುವ ನೀನೇ ನಿರ್ಧರಿಸು ಎಂದರು.

ಮರುದಿನ ಪಂಚಾಯಿತಿಯ ಅಂಗಳದಲ್ಲಿ ಸಭೆ ಎಂದು ಸಾರಿಯಾಗಿತ್ತು. ಮುನವಳ್ಳಿಯಿಂದ ಬರುವ ದಾರಿಯುದ್ದಕ್ಕೂ ನಾನು ಯೋಚಿಸುತ್ತಿದ್ದೆ. ಭಯ ಬೇಡವೆಂದರೆ ಜನ ಆ ಗೋಡೆಗಳ ಕೆಳಗೆ ಹೋಗಿ ಮಲಗುತ್ತಾರೆ. ಊರು ಬಿಡಿ ಎಂದರೆ ಎಲ್ಲಿಗೆ ಹೋಗುತ್ತಾರೆ, ಎಷ್ಟು ದಿನ ಇರುತ್ತಾರೆ? ದನಗಳನ್ನೇನು ಮಾಡುತ್ತಾರೆ? ಇಷ್ಟು ದಿನ ನಾನು ನೆಲದೊಳಗಿನದನ್ನೇ ಕೆದಕುತ್ತಿದ್ದೆ. ಅದು ನನ್ನ ವಿದ್ಯೆ. ಆದರೆ ನೆಲ ಅದುರಿದ್ದರಿಂದಲೇ ಜನ ಸಾಯುವುದಿಲ್ಲ, ಸಾಯುವುದು ಗೋಡೆ ಬಿದ್ದು. ಗೋಡೆ ಕಣ್ಣಿಗೆ ಕಾಣುವ ವಸ್ತು. ಜೀಪು ಊರು ಮುಟ್ಟುವಷ್ಟರಲ್ಲಿ ನಾನು ಏನು ಹೇಳಬೇಕೆಂದು ಗೊತ್ತಾಗಿತ್ತು.

ಸಭೆಯಲ್ಲಿ ಅದೇ ಪ್ರಶ್ನೆ ಬಂತು. ನಾನು ಎದ್ದು ನಿಂತೆ.

"ದೊಡ್ಡದು ಬರ್ತೈತೋ ಇಲ್ಲೋ ನನಗ ಗೊತ್ತಿಲ್ರಿ. ಆದ್ರ ಬಂದ್ರ ಈ ಊರಾಗ ಯಾವ ಗ್ವಾಡಿ ಮೊದಲ ಬೀಳ್ತೈತಿ ಅನ್ನೂದನ್ನ ಈಗ ತೋರಸ್ತೇನಿ. ನನ್ನ ಸಂಗಾಟ ಬರ್ರಿ."

ಗೋಡೆ ಕಟ್ಟುವ ಗೌಂಡಿಯೊಬ್ಬರಿಂದ ತೂಕದ ದಾರ ಇಸಿದುಕೊಂಡು ಶಾಲೆಗೆ ನಡೆದೆ. ಶಾಲೆಯಲ್ಲಿ ಎರಡು ಹೊಸ ಕೋಣೆಗಳಿದ್ದವು, ಕಾಂಕ್ರೀಟಿನವು. ಮೂರನೆಯದು ಹಳೆಯ ಕಲ್ಲಿನ ಕೋಣೆ, ಎಲ್ಲಕ್ಕಿಂತ ದೊಡ್ಡದು. ದೊಡ್ಡ ಹುಡುಗಿಯರ ತರಗತಿ ನಡೆಯುತ್ತಿದ್ದದ್ದು ಅಲ್ಲೇ, ಮಧ್ಯಾಹ್ನದ ಊಟಕ್ಕೆ ಎಲ್ಲ ಮಕ್ಕಳೂ ಕೂರುತ್ತಿದ್ದದ್ದೂ ಅಲ್ಲೇ. ಅದರ ಹಿಂಗೋಡೆಯ ಮೇಲಂಚಿನಿಂದ ದಾರ ಇಳಿಬಿಟ್ಟೆ. ದಾರ ನೆಟ್ಟಗೆ ಬೀಳಬೇಕಿತ್ತು. ಆದರೆ ಗೋಡೆ ನಡುವೆ ಬಸುರಿಯ ಹೊಟ್ಟೆಯಂತೆ ಉಬ್ಬಿಕೊಂಡು ದಾರವನ್ನು ಹೊರಕ್ಕೆ ತಳ್ಳಿತು. ಬುಡದಲ್ಲಿ ದಾರಕ್ಕೂ ಗೋಡೆಗೂ ನಡುವೆ ಗೇಣುದ್ದ ಸಂದು. ಕಲ್ಲಿನಿಂದ ಬಡಿದರೆ ಪೊಳ್ಳು ಸದ್ದು ಬಂತು. ಆ ಕಾಲದ ಗೋಡೆಗಳು ಎರಡು ಪದರಿನವು: ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಮಣ್ಣು ಚೂರುಕಲ್ಲು ತುಂಬಿದ್ದು. ಎರಡನ್ನೂ ಹಿಡಿದಿಡುವ ಉದ್ದನೆಯ ಅಡ್ಡಕಲ್ಲುಗಳನ್ನು ಇಡದಿದ್ದರೆ ಪ್ರತಿ ಅದುರಿಗೂ ನಡುವಿನ ಮಣ್ಣು ಕೆಳಗೆ ಕುಸಿದು ಹೊರಪದರವನ್ನು ಹೊರಕ್ಕೆ ನೂಕುತ್ತದೆ. ಇಷ್ಟು ದಿನದ ಸಣ್ಣ ಅದುರುಗಳು ಮಾಡಿದ ಕೆಲಸ ಅದೇ.

ದೊಡ್ಡ ಅಕ್ಕೋರು ಮುಂದೆ ಬಂದು ಉಬ್ಬಿದ ಕಡೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ನಾ ಸಾಲಿ ತೆಗೀಬೇಕಂತ ಜಗಳಾಡಿದ್ದು ಈ ಖೋಲಿ ಸಲುವಾಗೇನ್ರಿ?" ಎಂದರು.

ಶಾಲೆ ತೆರೆಯಿರಿ, ಈ ಕೋಣೆಗೆ ಮಾತ್ರ ಬೀಗ ಹಾಕಿ ಎಂದೆ. ಮೈದಾನದಲ್ಲಿ ತಗಡಿನ ಶೆಡ್ ಹಾಕಿಸಿ ಅಲ್ಲಿ ದೊಡ್ಡ ತರಗತಿ ನಡೆಸುವುದೆಂದಾಯಿತು. ಪಂಚಾಯಿತಿ ತಗಡು ಕೊಟ್ಟಿತು, ಊರವರು ಕಂಬ ನೆಟ್ಟರು. ಆ ವಾರವೇ ಶಾಲೆಯ ಗಂಟೆ ಮೊಳಗಿತು. ಹತ್ತಿ ಬಿಡಿಸಲು ಹೋಗಿದ್ದ ಹುಡುಗಿಯರ ಮನೆಗಳಿಗೆ ಅಕ್ಕೋರು ಖುದ್ದಾಗಿ ಹೋಗಿ ಒಬ್ಬೊಬ್ಬರನ್ನೇ ಕರೆತಂದರು. ಸಪ್ಪಳ ಕೇಳಿದ ಕೂಡಲೇ ತಳ್ಳಾಡದೆ ಮೈದಾನಕ್ಕೆ ಹೋಗಿ ಸಾಲಾಗಿ ನಿಲ್ಲುವುದನ್ನು ಮಕ್ಕಳಿಗೆ ದಿನವೂ ಮಾಡಿಸತೊಡಗಿದರು.

ಶಾಲೆಯದು ಸುಲಭವಾಯಿತು. ಕಷ್ಟವಾದದ್ದು ಮನೆಗಳದು. ಆ ಕಡೆಯ ಹಳೆಯ ಮನೆಗಳ ಮಾಳಿಗೆಯ ಮೇಲೆ ಮಣ್ಣು ಹಾಸಿರುತ್ತಾರೆ, ಮೇಲ್ಮುದ್ದಿ ಎನ್ನುತ್ತಾರೆ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಸೋರದಿರಲಿ ಎಂದು ಪ್ರತಿ ಮಳೆಗಾಲಕ್ಕೆ ಮುಂಚೆ ಹಳೆಯದರ ಮೇಲೆ ಹೊಸ ಮಣ್ಣು. ತಲೆಮಾರುಗಟ್ಟಲೆ ಹೀಗೆ ಏರಿ ಏರಿ ಕೆಲವು ಮಾಳಿಗೆಗಳ ಮೇಲೆ ಮೊಣಕಾಲುದ್ದ ಮಣ್ಣು ಕೂತಿತ್ತು. ಕಲ್ಲುಗಳ ನಡುವೆ ಬರಿ ಮಣ್ಣು ಮೆತ್ತಿ ಕಟ್ಟಿದ ಗೋಡೆಗಳ ನೆತ್ತಿಯ ಮೇಲೆ ಅಷ್ಟು ಭಾರ. ಅದನ್ನು ಇಳಿಸಿ ಹಗುರ ಮಾಡಿದರೆ ಗೋಡೆಗೆ ಬದುಕುವ ಅವಕಾಶ ಹೆಚ್ಚುತ್ತದೆ. ತಾಲೂಕಿನಿಂದ ಬಂದ ಎಂಜಿನಿಯರೂ ಇದನ್ನೇ ಹೇಳಿದರು. ಎಲ್ಲರೂ ಗೌಡರ ಮುಖ ನೋಡಿದರು. ಎಲ್ಲಕ್ಕಿಂತ ದಪ್ಪ ಮೇಲ್ಮುದ್ದಿ ಅವರದೇ.

"ನಮ್ಮಜ್ಜ ಕಟ್ಟಿಸಿದ ಮನಿ ಇದು," ಎಂದರು ಗೌಡರು, ಸಿಟ್ಟಿಲ್ಲದ ದನಿಯಲ್ಲಿ. "ಮ್ಯಾಲ ಮಣ್ಣ ಬಿದ್ದದ್ದಕ್ಕ ನಿಂತೈತಿ. ನೀ ಅದನ್ನ ತಗೀರಿ ಅಂತೀಯಲ್ಲ ತಂಗಿ."

ಸೊಸೆ ಬಾಗಿಲ ಮರೆಯಿಂದ ಹೊರಗೆ ಬಂದಳು. "ಮಾವಾರ, ಮಣ್ಣ ನಮ್ಮದ, ಮತ್ತ ಹಾಕಾಕ ಬರ್ತೈತಿ. ನಡುವಿನ ಖೋಲ್ಯಾಗ ಹುಡುಗೂರು ಮಲಗ್ತಾವು. ಅದೊಂದರದಾದ್ರೂ ಇಳಸೂಣ."

ಮರುದಿನ ಮಗ ನಾಲ್ಕು ಜನರೊಂದಿಗೆ ಸಲಿಕೆ ಬುಟ್ಟಿ ಹಿಡಿದು ಮಾಳಿಗೆ ಹತ್ತಿದಾಗ ಗೌಡರು ತಡೆಯಲಿಲ್ಲ. ನಡುಕೋಣೆಯ ಮೇಲಿನ ಮಣ್ಣು ಬುಟ್ಟಿ ಬುಟ್ಟಿಯಾಗಿ ಕೆಳಗಿಳಿದು ಹಿತ್ತಿಲಿನಲ್ಲಿ ಗುಡ್ಡೆಯಾಯಿತು. ಬರಿದಾದ ಹಲಗೆಗಳ ಮೇಲೆ ತಾಡಪತ್ರಿ ಹೊದಿಸಿದರು. ತಗಡು ಬರುವತನಕ ಅದು ಸಾಕು ಎಂದವಳು ನಾನು.

ಸಾಲಲಿಲ್ಲ. ಎರಡು ದಿನಕ್ಕೆ, ಮಳೆ ಮುಗಿಯಿತೆಂದು ಎಲ್ಲರೂ ತಿಳಿದಿದ್ದಾಗ, ಸಂಜೆ ಮುಂದೆ ಬಿರುಗಾಳಿಯೊಂದಿಗೆ ಒಂದು ಅಡ್ಡಮಳೆ ಹೊಡೆಯಿತು. ಗಾಳಿ ತಾಡಪತ್ರಿಯನ್ನು ಹಾರಿಸಿಕೊಂಡು ಹೋಯಿತು. ನಡುಕೋಣೆಯಲ್ಲಿ ಪೇರಿಸಿದ್ದ ಜೋಳದ ಚೀಲಗಳು ತೊಯ್ದು ತೊಪ್ಪೆಯಾದವು. ಸುದ್ದಿ ಕೇಳಿ ನಾನು ಹೋದಾಗ ಸೊಸೆ ಜೋಳವನ್ನು ಅಂಗಳದಲ್ಲಿ ಹರವುತ್ತಿದ್ದಳು. ಗೌಡರು ಕಟ್ಟೆಯ ಮೇಲೆ ಬೇರೆ ಕಡೆ ಮುಖ ಮಾಡಿ ಕೂತಿದ್ದರು. ನಾನು ತಪ್ಪಾಯಿತೆಂದರೂ ತಿರುಗಲಿಲ್ಲ. ಮಣ್ಣು ಇಳಿಸಲು ಒಪ್ಪಿದ್ದ ಉಳಿದ ಮನೆಗಳವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ನೆಲದ ಕೆಳಗಿನ ಭೂಕಂಪಕ್ಕಿಂತ ಮೇಲಿನಿಂದ ಬಂದ ಮೇಡಂ ಹೆಚ್ಚು ಹಾಳು ಮಾಡಿದರು ಎಂದು ಚಹಾದಂಗಡಿಯಲ್ಲಿ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಒಂದಕ್ಕಾಗಿ, ಕಣ್ಣೆದುರಿನ ಕಾಳು ಹಾಳಾಗಿತ್ತು. ಅದುರುಗಳೂ ಆ ದಿನಗಳಲ್ಲಿ ಬಹಳ ತಗ್ಗಿದ್ದವು. ಇನ್ನು ಮುಗಿಯಿತೇನೋ, ನಾನು ಅತಿ ಮಾಡಿದೆನೇನೋ ಎಂಬ ಅನುಮಾನ ನನ್ನನ್ನೇ ಹಿಡಿಯಿತು. ಯಂತ್ರಗಳನ್ನು ಕಟ್ಟಿಕೊಂಡು ಹೊರಡುವ ಮಾತನ್ನೂ ಆಡಿದೆ. ತಂತ್ರಜ್ಞ ಒಂದೇ ಮಾತು ಹೇಳಿದರು: ಬಿರುಕಿನ ಬಗ್ಗೆ ನಮಗೆ ಮೊನ್ನೆ ಗೊತ್ತಿದ್ದದ್ದರಲ್ಲಿ ಇವತ್ತು ಏನೂ ಬದಲಾಗಿಲ್ಲವಲ್ಲ.

ನಾನು ಮತ್ತೆ ಗೌಡರ ಮನೆಗೆ ಹೋಗುವಷ್ಟರಲ್ಲಿ ಸೊಸೆಯೇ ದಾರಿ ಮಾಡಿದ್ದಳು. ಗಂಡನನ್ನು ರಾಮದುರ್ಗಕ್ಕೆ ಅಟ್ಟಿ ತಗಡು ತರಿಸಿ, ನಡುಕೋಣೆಗೆ ಭದ್ರವಾಗಿ ಜಡಿಸಿ, ಈಗ ಪಡಸಾಲೆಯ ಮೇಲಿನ ಮಣ್ಣು ಇಳಿಸಲು ಆಳುಗಳನ್ನು ಹತ್ತಿಸಿದ್ದಳು. ಮಾವ ಏನೆಂದರು ಎಂದು ಮೆಲ್ಲಗೆ ಕೇಳಿದೆ. ಮಾತಾಡಿಲ್ಲ, ಆದರೆ ಬೆಳಿಗ್ಗೆ ಆಳುಗಳಿಗೆ ಚಹಾ ಕೊಟ್ಟೆಯಾ ಎಂದು ಕೇಳಿದರು ಎಂದಳು.

ಅದಾದ ಕೆಲವೇ ದಿನಕ್ಕೆ, ಶಾಲೆ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು, ನಾನು ಗೌಡರ ಹಿತ್ತಿಲಿನಲ್ಲಿ ಯಂತ್ರದ ಬ್ಯಾಟರಿ ಬದಲಿಸುತ್ತಿದ್ದೆ. ಕಾಲ ಕೆಳಗೆ ಮದ್ದು ಸಿಡಿದಂಥ ಸಪ್ಪಳ. ಅದರೊಂದಿಗೇ ನೆಲ ಒಂದು ಸಲ ಮೇಲೆತ್ತಿ, ಪಕ್ಕಕ್ಕೆ ಜಗ್ಗಿ, ಮತ್ತೆ ಮತ್ತೆ ಕುಲುಕಿತು. ಕುಕ್ಕರಗಾಲಿನಲ್ಲಿದ್ದವಳು ಕೈಯೂರಿ ಬಿದ್ದೆ. ಕೆಲವೇ ಸೆಕೆಂಡು. ಇಷ್ಟು ವರ್ಷ ಗೆರೆಗಳಲ್ಲಿ ನೋಡಿದ್ದನ್ನು ಮೊದಲ ಸಲ ಅಂಗೈಯಲ್ಲಿ ಕಂಡೆ. ಮಾಳಿಗೆಯ ಮೇಲಿದ್ದ ಆಳುಗಳು ಒಬ್ಬರನ್ನೊಬ್ಬರು ಹಿಡಿದು ಕೂತರು. ಊರಿನ ಮೇಲೆ ಧೂಳು ಎದ್ದಿತು. ಎಲ್ಲೋ ಕಲ್ಲು ಸುರಿದ ಸಪ್ಪಳ ಕೇಳಿತು, ಅದು ಶಾಲೆಯ ಕಡೆಯಿಂದ.

ಓಡಿದೆ. ಓಡುವಾಗ ಏನು ಯೋಚಿಸಿದೆನೆಂದು ಈಗ ನೆನಪಿಲ್ಲ. ಮಕ್ಕಳು ಮೈದಾನದ ನಡುವೆ ಸಾಲಾಗಿ ನಿಂತಿದ್ದರು, ಸಣ್ಣವರು ಅಳುತ್ತಿದ್ದರು. ಹಳೆಯ ಕೋಣೆಯ ಹಿಂಗೋಡೆ ನಡುವಿನಿಂದ ಸೀಳಿ, ಒಳಪದರ ಒಳಕ್ಕೆ, ಹೊರಪದರ ಹೊರಕ್ಕೆ ಬಿದ್ದಿತ್ತು. ಮಾಳಿಗೆಯ ಒಂದು ಮಗ್ಗುಲು ಮಣ್ಣಿನ ಸಮೇತ ಕೆಳಗೆ ಕೂತಿತ್ತು. ಬಾಗಿಲಿಗೆ ಹಾಕಿದ ಬೀಗ ಹಾಗೇ ಇತ್ತು. ಅಕ್ಕೋರು ಮಕ್ಕಳ ತಲೆ ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ಎಣಿಸಿ ಮುಗಿಸಿದವರು ಮತ್ತೆ ಮೊದಲಿನಿಂದ ಎಣಿಸಿದರು. ನಾನು ಆ ಕಲ್ಲುಗಳ ಮುಂದೆ ನಿಂತೆ. ಊಟದ ತಟ್ಟೆಗಳ ರಾಶಿಯೊಂದು ಅರ್ಧ ಹೂತು ಹೋಗಿತ್ತು.

ಊರಿನಲ್ಲಿ ಕೆಲವು ಮನೆಗಳ ಮೂಲೆ ಬಿರಿದವು. ಒಬ್ಬರ ಕಾಲ ಮೇಲೆ ಕಲ್ಲು ಬಿದ್ದು ಮೂಳೆ ಮುರಿಯಿತು, ಅವರನ್ನು ನಮ್ಮ ಜೀಪಿನಲ್ಲೇ ಸವದತ್ತಿಯ ಆಸ್ಪತ್ರೆಗೆ ಸಾಗಿಸಿದೆವು. ಜೀವಕ್ಕೆ ಅಪಾಯವಾಗಿರಲಿಲ್ಲ. ಗೌಡರ ಮನೆಯಲ್ಲಿ ಮಣ್ಣು ಇನ್ನೂ ಇಳಿಸದ ಅಡುಗೆಕೋಣೆಯ ಗೋಡೆ ಮೇಲಿನಿಂದ ಕೆಳಗಿನವರೆಗೆ ಬಾಯಿ ಬಿಟ್ಟಿತ್ತು. ಹಗುರಾದ ನಡುಕೋಣೆ ಗಿಲಾವು ಉದುರಿದ್ದು ಬಿಟ್ಟರೆ ನೆಟ್ಟಗೆ ನಿಂತಿತ್ತು. ಗೌಡರು ಕೋಲೂರಿಕೊಂಡು ಒಂದೊಂದೇ ಕೋಣೆಗೆ ಹೋಗಿ ನೋಡಿದರು. ಹೊರಗೆ ಬಂದು ಅಂಗಳದಲ್ಲಿ ಕೂಡಿದವರಿಗೆಲ್ಲ ಕೇಳುವಂತೆ ಹೇಳಿದರು:

"ಉಳದ ಮಣ್ಣೂ ಇಳಸ್ರಿ. ನಮ್ಮದು ಮುಗದ ಮ್ಯಾಲ ಬಾಜೂದವರ ಮನಿಗೆ ಹೋಗ್ರಿ."

ಅಲ್ಲಿಂದ ಮುಂದೆ ನಾನು ಹೇಳುವುದೇನೂ ಉಳಿಯಲಿಲ್ಲ. ಕಳೆ ತೆಗೆಯಲು, ಕೊಯ್ಲಿಗೆ ಒಬ್ಬರ ಹೊಲಕ್ಕೆ ಒಬ್ಬರು ಹೋಗುವಂತೆ ಇಂದು ಇವರ ಮನೆ, ನಾಳೆ ಅವರ ಮನೆ ಎಂದು ಊರು ತಾನೇ ಸರದಿ ಹಚ್ಚಿಕೊಂಡಿತು. ಮಣ್ಣಿನ ಗುಡ್ಡೆಗಳು ಬಂಡಿಯಲ್ಲಿ ಹೊಲ ಸೇರಿದವು. ಎಂಜಿನಿಯರು ಊರಿನ ಗೌಂಡಿಗಳನ್ನು ಕೂರಿಸಿಕೊಂಡು ಬಿದ್ದ ಶಾಲೆಗೋಡೆಯನ್ನೇ ಪಾಠ ಮಾಡಿ, ಎರಡು ಪದರು ಬೆಸೆಯುವ ಅಡ್ಡಕಲ್ಲು ಎಲ್ಲೆಲ್ಲಿ ಇಡಬೇಕು, ಬಾಗಿಲ ನೆತ್ತಿಯ ಮಟ್ಟದಲ್ಲಿ ಗೋಡೆಯ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹೇಗೆ ಕಟ್ಟಬೇಕು ಎಂದು ತೋರಿಸಿದರು. ಮೊದಲು ದುಡ್ಡು ದಂಡ ಎಂದು ಗೊಣಗಿದ ಗೌಂಡಿಗಳು ಗೌಡರ ಅಡುಗೆಕೋಣೆಯ ಗೋಡೆಯನ್ನು ಹಾಗೇ ಕಟ್ಟಿದರು.

ಹತ್ತಿ ಬಿಡಿಸುವುದು ಮುಗಿಯುವ ಹೊತ್ತಿಗೆ ಅದುರುಗಳು ಅಪರೂಪವಾದವು. ನೀರು ಇಂಗಿತೋ, ಬಿರುಕು ಸಮಾಧಾನವಾಯಿತೋ, ಮತ್ತೊಂದು ಅತಿಮಳೆಯ ವರ್ಷ ಏನಾಗುತ್ತದೋ, ಇವು ನಾನು ಇನ್ನೂ ಕೆಲಸ ಮಾಡುತ್ತಿರುವ ಪ್ರಶ್ನೆಗಳು. ಒಂದು ಯಂತ್ರವನ್ನು ಅಲ್ಲೇ ಬಿಡಲು ಸಂಸ್ಥೆ ಒಪ್ಪಿತು. ಬಯಲಿನ ತಾಡಪತ್ರಿಗಳು ಒಂದೊಂದಾಗಿ ಮಡಚಿಕೊಂಡು ಮನೆ ಸೇರಿದವು.

ಹೊರಡುವ ಹಿಂದಿನ ದಿನ ಅಕ್ಕೋರು ನನ್ನನ್ನು ಶಾಲೆಗೆ ಕರೆದರು, ದೊಡ್ಡ ತರಗತಿಯ ಹುಡುಗಿಯರಿಗೆ ಭೂಮಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು. ತಗಡಿನ ಶೆಡ್ಡಿನಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ಅಕ್ಕೋರು ಹಲಗೆಯ ಮೇಲಿನ ಭಾಗಾಕಾರವೊಂದನ್ನು ಅರ್ಧಕ್ಕೆ ನಿಲ್ಲಿಸಿ ನನಗೆ ಜಾಗ ಬಿಟ್ಟರು. ನಾನು ಸೀಮೆಸುಣ್ಣ ಹಿಡಿದು ಎರಡು ಅಲೆಗಳ ಚಿತ್ರ ಬರೆದು, ಯಾವುದು ಮೊದಲು ಬರುತ್ತದೆಂದು ಹೇಳುತ್ತಿದ್ದೆ. ತಗಡು ಸಣ್ಣಗೆ ಗಿರ್ರೆಂದಿತು. ಕಾಲ ಕೆಳಗೆ ಗುಡುಗು.

ನಾನು ಹಲಗೆಯ ಕಡೆ ನೋಡುತ್ತಲೇ ಇದ್ದೆ. ನನ್ನ ಕೈಗಡಿಯಾರ ನೋಡಿ ಸಮಯ ಗುರುತು ಹಾಕಿಕೊಂಡೆ, ಸಪ್ಪಳ ಎಷ್ಟು ಹೊತ್ತಿಗೆ ಅಡಗುತ್ತದೆಂದು ಕಿವಿಗೊಟ್ಟೆ. ತಿರುಗಿ ನೋಡುವಷ್ಟರಲ್ಲಿ ಬೆಂಚುಗಳು ಖಾಲಿ. ಒಬ್ಬಳೂ ಕಿರುಚಿರಲಿಲ್ಲ, ಒಬ್ಬಳೂ ಇನ್ನೊಬ್ಬಳನ್ನು ತಳ್ಳಿರಲಿಲ್ಲ. ಎಲ್ಲರೂ ಮೈದಾನದಲ್ಲಿ, ಗೋಡೆಗಳಿಂದ ದೂರ, ಸಾಲಾಗಿ ನಿಂತಿದ್ದರು. ಅಕ್ಕೋರು ಎಣಿಸುತ್ತಿದ್ದರು. ಎಣಿಸಿ ಮುಗಿಸಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ನನ್ನತ್ತ ನೋಡಿದರು.

"ನೀವೊಬ್ರ ಕಡೀಕ ಉಳದ್ರಲ್ರಿ ಮೇಡಂ," ಎಂದರು. ಹುಡುಗಿಯರ ಸಾಲಿನಲ್ಲಿ ನಗು ಹರಿದಾಡಿತು. ನಾನು ಹೋಗಿ ಸಾಲಿನ ಕೊನೆಯಲ್ಲಿ ನಿಂತುಕೊಂಡೆ. ನನ್ನನ್ನೂ ಸೇರಿಸಿ ಇನ್ನೊಮ್ಮೆ ಎಣಿಸಿದ ಮೇಲೆ ಅಕ್ಕೋರು ಎಲ್ಲರನ್ನೂ ಒಳಗೆ ಕರೆದುಕೊಂಡು ಹೋಗಿ, ಹಲಗೆಯ ಮೇಲೆ ಅರ್ಧಕ್ಕೆ ನಿಂತಿದ್ದ ಭಾಗಾಕಾರವನ್ನು ಬಿಟ್ಟಲ್ಲಿಂದ ಮುಂದುವರಿಸಿದರು.